ಪೇಪರ್ ಎಣಿಸುವ ಮುಂಚೆ

ಮಾಲಿಕ್ಯುಲರ್ ಬಯಾಲಜಿ ಲ್ಯಾಬ್ ನಡೆಸುತ್ತ, ನೇಮಕಾತಿ ಸಮಿತಿಗಳಲ್ಲಿ ಕೂತು ಬೇರೆಯವರ ಅರ್ಜಿಗಳನ್ನು ಓದುತ್ತ ಬಂದವಳು ನಾನು. ಎಷ್ಟು ಪೇಪರ್, ಎಷ್ಟು ಸೈಟೇಶನ್, ಎಚ್-ಇಂಡೆಕ್ಸ್ ಎಷ್ಟು ಎಂದು ಕೇಳಿ ಮನುಷ್ಯನನ್ನು ಅಳೆದುಬಿಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹೊಸದಾಗಿ ಲ್ಯಾಬ್ ತೆರೆಯುವ ಕಿರಿಯರಿಗೆ ನಾನು ಹೇಳುತ್ತ ಬಂದಿರುವ ಮಾತುಗಳಿವು.

1. ಸೈಟೇಶನ್ ಎಂದರೆ ಬಳಕೆಯ ಲೆಕ್ಕ

ಅತಿ ಹೆಚ್ಚು ಉಲ್ಲೇಖಗೊಂಡ 100 ಪೇಪರ್‌ಗಳ ಪಟ್ಟಿಯನ್ನು 2014ರಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿತು. ಮೊದಲ ಸ್ಥಾನ ಸಿಕ್ಕಿದ್ದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪೇಪರ್‌ಗೆ. ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಆಗಲೇ ಮೂರು ಲಕ್ಷ ಸೈಟೇಶನ್ ದಾಟಿತ್ತು. ಎರಡನೆಯದು ಲ್ಯಾಮ್ಲಿಯ 1970ರ ಪೇಪರ್. ಅವರು ಬರೆದದ್ದು ಟಿ4 ವೈರಸ್ಸಿನ ತಲೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಬಗ್ಗೆ. ನಾವೆಲ್ಲ ಅದನ್ನು ಉಲ್ಲೇಖಿಸುವುದು ಪ್ರೊಟೀನ್ ಜೆಲ್ ಓಡಿಸಿದ್ದಕ್ಕೆ. ಆ ಜೆಲ್ ವಿಧಾನ ಇರುವುದು ಒಂದು ಚಿತ್ರದ ಅಡಿಬರಹದಲ್ಲಿ! ಡಿಎನ್‌ಎ ಜೋಡಿಸುರುಳಿಯನ್ನು ಜಗತ್ತಿಗೆ ತಿಳಿಸಿದ ವಾಟ್ಸನ್-ಕ್ರಿಕ್‌ರ 1953ರ ಪೇಪರ್ ಆ ನೂರರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ದೊಡ್ಡ ಸಂಖ್ಯೆ ಕಂಡಾಗ ನಾನು ಮೊದಲು ಹುಡುಕುವುದು ಒಂದೇ: ಜನ ಈ ಪೇಪರನ್ನು ಯಾವ ಕೆಲಸಕ್ಕೆ ಕೈಗೆತ್ತಿಕೊಳ್ಳುತ್ತಿದ್ದಾರೆ?

2. ಮನೆಮಾತಾದ ಕೆಲಸಕ್ಕೆ ಸೈಟೇಶನ್ ಸಿಗುವುದು ಕಡಿಮೆ

ಜಿ.ಎನ್. ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ರಾಮಕೃಷ್ಣನ್, ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ನಕ್ಷೆ, ಪ್ರೊಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಎಂದು ತೋರಿಸುತ್ತದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇವತ್ತಿಗೂ ಹೊಸ ಪ್ರೊಟೀನ್ ರಚನೆಯೊಂದು ಸರಿಯಿದೆಯೇ ಎಂದು ನೋಡಲು ರಾಮಚಂದ್ರನ್ ಪ್ಲಾಟ್ ಹಾಕುತ್ತಾರೆ. ಹೆಸರು ಬರೆಯುತ್ತಾರೆ, ಮೂಲ ಪೇಪರನ್ನು ಉಲ್ಲೇಖಿಸದೆ ಮುಂದೆ ಹೋಗುತ್ತಾರೆ. ಪಠ್ಯಪುಸ್ತಕ ಸೇರಿದ ವಿದ್ಯೆಗೆ ಅಡಿಟಿಪ್ಪಣಿ ಬೇಕೆಂದು ಯಾರಿಗೂ ಅನಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ನಾನು ಮೂಲ ಪೇಪರ್ ಓದಿಸಿ, ಅದನ್ನೇ ಉಲ್ಲೇಖಿಸಲು ಹೇಳುತ್ತೇನೆ. ಇದು ಋಣ, ತೀರಿಸಬೇಕು.

3. ಎಚ್-ಇಂಡೆಕ್ಸ್ ವಯಸ್ಸಿನ ಜೊತೆ ಏರುತ್ತದೆ, ಇಳಿಯುವುದಿಲ್ಲ

2005ರಲ್ಲಿ ಇದನ್ನು ಸೂಚಿಸಿದ ಹಿರ್ಷ್ ಭೌತವಿಜ್ಞಾನಿ. ತಲಾ ಕನಿಷ್ಠ ಎನ್ ಸೈಟೇಶನ್ ಇರುವ ಎನ್ ಪೇಪರ್ ಇದ್ದರೆ, ಅಂಥ ಅತಿ ದೊಡ್ಡ ಎನ್ ನಿಮ್ಮ ಎಚ್-ಇಂಡೆಕ್ಸ್. ತಲಾ ಹತ್ತು ಸೈಟೇಶನ್‌ನ ಹತ್ತು ಪೇಪರ್ ಇದ್ದವರಿಗೆ 10. ತಲಾ ಸಾವಿರ ಸೈಟೇಶನ್‌ನ ಐದೇ ಪೇಪರ್ ಇದ್ದವರಿಗೆ 5. ಮೂವತ್ತರ ಹುಡುಗಿಯನ್ನೂ ಅರವತ್ತರ ಪ್ರೊಫೆಸರರನ್ನೂ ಇದರಲ್ಲಿ ಹೋಲಿಸುವುದು ಅನ್ಯಾಯ.

4. ಜರ್ನಲ್ಲಿನ ಅಂಕ ಪೇಪರಿನದಲ್ಲ

ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷದ ಲೇಖನಗಳಿಗೆ ಸಿಕ್ಕ ಸೈಟೇಶನ್‌ಗಳ ಸರಾಸರಿ. ಕೆಲವೇ ಪೇಪರ್‌ಗಳು ಅದನ್ನು ಎತ್ತಿ ಹಿಡಿದಿರುತ್ತವೆ, ಉಳಿದವು ನೆರಳಲ್ಲಿ. ದೊಡ್ಡ ಕೆಲಸ ದೊಡ್ಡ ಅಂಕದ ಜರ್ನಲ್‌ನಲ್ಲೇ ಬರಬೇಕೆಂದೂ ಇಲ್ಲ. ಬ್ಯಾಕ್ಟೀರಿಯಾಗಳ ಡಿಎನ್‌ಎಯಲ್ಲಿರುವ ಕ್ರಿಸ್ಪರ್ ಎಂಬ ಭಾಗಗಳು ಒಂದು ರಕ್ಷಣಾ ವ್ಯವಸ್ಥೆ ಇರಬೇಕೆಂದು ಸ್ಪೇನಿನ ವಿಜ್ಞಾನಿ ಮೊಹಿಕಾ ಬರೆದಾಗ ಹೆಸರಾಂತ ಜರ್ನಲ್‌ಗಳು ಹಿಂದಕ್ಕೆ ಕಳಿಸಿದವು. ಅದು ಕೊನೆಗೆ ಅಚ್ಚಾದದ್ದು 2005ರಲ್ಲಿ, ಜರ್ನಲ್ ಆಫ್ ಮಾಲಿಕ್ಯುಲರ್ ಇವೊಲ್ಯೂಷನ್‌ನಲ್ಲಿ. ಆ ದಾರಿಯಲ್ಲಿ ಮುಂದೆ ಬಂದ ಕ್ರಿಸ್ಪರ್ ಜೀನ್ ಎಡಿಟಿಂಗ್‌ಗೆ 2020ರಲ್ಲಿ ಶಾರ್ಪೆಂಟಿಯೆ, ಡೌಡ್ನಾ ಅವರಿಗೆ ನೊಬೆಲ್ ಬಂತು. ಜರ್ನಲ್ಲಿನ ಅಂಕದಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಕೇಳಿಕೊಂಡಿತು. ಸಮಿತಿಯ ಕೋಣೆಯೊಳಗೆ ಆ ಮಾತು ಇನ್ನೂ ಪೂರ್ತಿ ಕಾಲಿಟ್ಟಿಲ್ಲ, ನನಗೆ ಅದರ ಬೇಸರವಿದೆ.

5. ಒಂದು ಪೇಪರನ್ನಾದರೂ ಪೂರ್ತಿ ಓದಿ

ಅರ್ಜಿ ಬಂದರೆ ನಾನು ಅಭ್ಯರ್ಥಿ ಮೊದಲ ಲೇಖಕರಾಗಿರುವ ಒಂದು ಪೇಪರ್ ತೆಗೆಯುತ್ತೇನೆ. ನಮ್ಮ ಕ್ಷೇತ್ರದಲ್ಲಿ ಬೆಂಚಿನ ಮುಂದೆ ನಿಂತವರ ಹೆಸರು ಮೊದಲು, ಲ್ಯಾಬ್ ಮುಖ್ಯಸ್ಥರದು ಕೊನೆಗೆ. ನೇರವಾಗಿ ವೆಸ್ಟರ್ನ್ ಬ್ಲಾಟ್ ಚಿತ್ರಕ್ಕೆ ಹೋಗುತ್ತೇನೆ. ಲೋಡಿಂಗ್ ಕಂಟ್ರೋಲ್ ಇದೆಯೇ? ಅದರ ಬ್ಯಾಂಡ್‌ಗಳು ಎಲ್ಲ ಲೇನ್‌ಗಳಲ್ಲೂ ಒಂದೇ ದಪ್ಪವೇ? ಬೇರೆ ಜೆಲ್‌ನಿಂದ ಲೇನ್ ತಂದು ಸೇರಿಸಿದ್ದರೆ ಗೆರೆ ಹಾಕಿ ತಿಳಿಸಿದ್ದಾರೆಯೇ? ಪ್ರಯೋಗ ಎಷ್ಟು ಸಲ ಮಾಡಿದ್ದಾರೆ? ಸಂದರ್ಶನದಲ್ಲಿ ಆ ಚಿತ್ರವನ್ನೇ ಮುಂದಿಟ್ಟು ಮಾತಾಡಿಸುತ್ತೇನೆ. ಕೈಯಾರೆ ಮಾಡಿದವರು ಆ್ಯಂಟಿಬಾಡಿ ಯಾವಾಗ ಕೈಕೊಟ್ಟಿತು ಎಂಬುದನ್ನೂ ಹೇಳುತ್ತಾರೆ, ಕಣ್ಣು ಮಿನುಗುತ್ತದೆ.

6. ಬೇರೆಯವರು ಮಾಡಲು ಆಗುವಂತೆ ಬರೆಯಿರಿ

ಮೆಥಡ್ಸ್ ಭಾಗದಲ್ಲಿ ಪ್ರೈಮರ್ ಅನುಕ್ರಮ, ಆ್ಯಂಟಿಬಾಡಿಯ ಕ್ಯಾಟಲಾಗ್ ಸಂಖ್ಯೆ, ಬಫರಿನ ಪಿಎಚ್ ಎಲ್ಲ ಇರಲಿ. ಸೆಂಟ್ರಿಫ್ಯೂಜ್ ವೇಗವನ್ನು ಆರ್‌ಪಿಎಂನಲ್ಲಿ ಕೊಟ್ಟರೆ ರೋಟರ್ ಬದಲಾದೊಡನೆ ಬಲವೂ ಬದಲಾಗುತ್ತದೆ. ಜಿ ಲೆಕ್ಕದಲ್ಲೇ ಕೊಡಿ. ಪ್ಲಾಸ್ಮಿಡ್‌ಗಳನ್ನು ಆ್ಯಡ್‌ಜೀನ್‌ನಂಥ ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿ. ಲ್ಯಾಬ್ ಬಿಟ್ಟುಹೋದ ವಿದ್ಯಾರ್ಥಿಯ ಫ್ರೀಜರ್ ಡಬ್ಬಿಯಲ್ಲಿ ಅವು ಕಳೆದುಹೋಗಬಾರದು. ಯಾವುದೋ ಊರಿನ ಪಿಎಚ್‌.ಡಿ. ಹುಡುಗ ನಿಮ್ಮ ವಿಧಾನ ತನ್ನ ಕೈಯಲ್ಲಿ ನಡೆಯುತ್ತಿಲ್ಲವೆಂದು ಇಮೇಲ್ ಬರೆದರೆ, ಅವನ ಜೆಲ್ ಚಿತ್ರ ತರಿಸಿಕೊಂಡು ನೋಡಿ, ಅದೇ ವಾರ ಉತ್ತರಿಸಿ.