ಗಾಳಿಯ ತೆಪ್ಪ, ಗಾಳಿಯ ಕೊಳವೆ

ನೀರಿನ ಮೇಲೆ ತೇಲುವುದಕ್ಕೂ ನೀರಿನೊಳಗೆ ಇಣುಕಿ ನೋಡುವುದಕ್ಕೂ ಮನುಷ್ಯನಿಗೆ ಆಸರೆಯಾಗಿರುವ ವಸ್ತು ಒಂದೇ, ಅದು ಗಾಳಿ. ತೊಗಲಿನ ಚೀಲದಲ್ಲಿ ಗಾಳಿ ತುಂಬಿ, ಅದನ್ನು ಎದೆಗೆ ಅವಚಿಕೊಂಡು ಹೊಳೆ ದಾಟುವ ಉಪಾಯ ಬಹು ಪುರಾತನವಾದುದು. ಕ್ರಿ.ಪೂ. 9ನೆಯ ಶತಮಾನದ ಅಸ್ಸೀರಿಯದ ಉಬ್ಬುಶಿಲ್ಪಗಳಲ್ಲಿ ಹೀಗೆ ಈಜುವ ಸೈನಿಕರನ್ನು ಕೆತ್ತಿದ್ದಾರೆ. ಅದೇ ಉಪಾಯದ ಇಂದಿನ ರೂಪ ರಬ್ಬರಿನ ಗಾಳಿತೆಪ್ಪ. ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪದಲ್ಲಿ ಇಂತಹ ತೆಪ್ಪಗಳನ್ನೇರಿ, ಕಡಿದಾದ ಕಲ್ಲುತೀರದ ಬದಿಯಲ್ಲೇ ಸಾಗಿ, ಅಲ್ಲಲ್ಲಿ ನೀರಿಗಿಳಿದು ಕಡಲಿನ ತಳವನ್ನು ನೋಡಿ ಬರುವ ಸಂಚಾರವು ಪ್ರವಾಸಿಗಳಿಗೆ ಬಲು ಮೆಚ್ಚಿನದು. ಆ ಸಂಚಾರವನ್ನು ನೆಪವಾಗಿಟ್ಟುಕೊಂಡು, ಅಲ್ಲಿ ಗಾಳಿ ಮಾಡುವ ಕೆಲಸಗಳನ್ನೂ, ಅದರ ನೆರವು ಎಲ್ಲಿಗೆ ನಿಲ್ಲುತ್ತದೆಂಬುದನ್ನೂ ವಿಚಾರಿಸೋಣ.

ಮೊದಲು ತೆಪ್ಪದ ಮಾತು. ಇದು ನಮ್ಮ ಹರಿಗೋಲಿನಂತೆ ಹೆಣೆದ ಬುಟ್ಟಿಯಲ್ಲ. ಮರದ ದಿಮ್ಮಿಗಳ ಕಟ್ಟೂ ಅಲ್ಲ. ರಬ್ಬರು ಲೇಪಿಸಿದ ಗಟ್ಟಿಬಟ್ಟೆಯ ದಪ್ಪ ಕೊಳವೆಗಳಲ್ಲಿ ಗಾಳಿ ತುಂಬಿ ಅಂಚು ಕಟ್ಟಿರುತ್ತಾರೆ. ಅರ್ಧ ಮೀಟರ್ ಅಡ್ಡಗಲದ ಕೊಳವೆಯನ್ನು ತೆಗೆದುಕೊಳ್ಳಿ. ಅದರ ಒಂದು ಮೀಟರ್ ಉದ್ದದ ತುಂಡು ಪೂರ್ಣವಾಗಿ ನೀರಿನಲ್ಲಿ ಅದುಮಲ್ಪಟ್ಟರೆ ಸುಮಾರು 200 ಕಿಲೋಗ್ರಾಂ ಕಡಲನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸನ ನಿಯಮದಂತೆ ಅಷ್ಟೇ ಬಲವು ಅದನ್ನು ಮೇಲಕ್ಕೆತ್ತುವುದರಿಂದ, ಆ ಒಂದು ಮೀಟರ್ ತುಂಡೇ ಮೂವರನ್ನು ಹೊರಬಲ್ಲುದು. ಕೊಳವೆಯ ಒಳಗನ್ನು ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ವಿಭಜಿಸಿರುವುದರಿಂದ, ಚೂಪುಗಲ್ಲು ತಾಗಿ ಒಂದು ಕೋಣೆ ಹರಿದರೂ ಉಳಿದವು ತೆಪ್ಪವನ್ನು ಮುಳುಗಗೊಡವು.

ಇಂತಹ ತೆಪ್ಪದ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿಕೊಟ್ಟವನು ಅಲೆನ್ ಬೊಂಬಾರ್ ಎಂಬ ಫ್ರೆಂಚ್ ವೈದ್ಯ. 1952ರಲ್ಲಿ ಆತನು ನಾಲ್ಕೂವರೆ ಮೀಟರಿಗಿಂತ ತುಸು ಉದ್ದವಾದ ರಬ್ಬರುದೋಣಿಯೊಂದರಲ್ಲಿ ಒಬ್ಬನೇ ಕುಳಿತು, ಕೆನರಿ ದ್ವೀಪಗಳಿಂದ ಹೊರಟು, 65 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಾರ್ಬಡೋಸ್ ಸೇರಿದನು. ಗಾಳಿಕೊಳವೆಗಳ ನಡುವೆ ಗಟ್ಟಿಯಾದ ಚೂಪುತಳವನ್ನು ಕೂಡಿಸಿ, ವೇಗವಾಗಿ ಓಡುವ ದೋಣಿಯನ್ನು ರೂಪಿಸಿದುದು 1960ರ ದಶಕದಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಟ್ಲಾಂಟಿಕ್ ಕಾಲೇಜಿನಲ್ಲಿ. ಪ್ರವಾಸಿಗಳು ಏರುವುದು ಹೆಚ್ಚಾಗಿ ಈ ಬಗೆಯದನ್ನೇ. ಕೊಳವೆಯ ಮೇಲೆಯೇ ಕುಳಿತು ಹಗ್ಗ ಹಿಡಿದುಕೊಳ್ಳಬೇಕು. ಅಲೆಯಿಂದ ಅಲೆಗೆ ತೆಪ್ಪವು ನೆಗೆಯುವಾಗ ಆ ಕುಕ್ಕುವಿಕೆಯೆಲ್ಲ ಬೆನ್ನೆಲುಬಿಗೆ ತಗಲುತ್ತದೆ. ಬೆನ್ನುನೋವಿನವರೂ ಗರ್ಭಿಣಿಯರೂ ಇದನ್ನು ಏರದಿರುವುದೇ ಲೇಸು; ಅಂಥವರನ್ನು ಹತ್ತಿಸಿಕೊಳ್ಳದಿರುವುದು ಅಲ್ಲಿನ ಸಾಮಾನ್ಯ ಪದ್ಧತಿ.

ಇನ್ನು ತೀರದ ವಿಚಾರ. ಹವಾಯಿ ದ್ವೀಪಸ್ತೋಮದಲ್ಲಿ ಗಾತ್ರದಲ್ಲಿ ಹಿರಿದೂ ವಯಸ್ಸಿನಲ್ಲಿ ಕಿರಿದೂ ಆದುದು ಹವಾಯಿ ಎಂಬ ಹೆಸರಿನ ದ್ವೀಪವೇ. ಅದರ ಪಡುವಣ ತೀರಕ್ಕೆ ಕೋನಾ ಎಂದು ಹೆಸರು. (ನಮ್ಮ ‘ಕೋನ’ಕ್ಕೂ ಇದಕ್ಕೂ ನಂಟಿಲ್ಲ, ಆ ಭಾಷೆಯಲ್ಲಿ ಕೋನಾ ಎಂದರೆ ಗಾಳಿಗೆ ಮರೆಯಾದ ಕಡೆ.) ಹೆಸರು ಅನ್ವರ್ಥವಾದುದು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳನ್ನು 4,169 ಮೀಟರ್ ಎತ್ತರದ ಮೌನಾ ಲೋವ, 2,521 ಮೀಟರ್ ಎತ್ತರದ ಹುವಾಲಾಲೈ ಎಂಬ ಎರಡು ಜ್ವಾಲಾಮುಖಿಗಳು ತಡೆದು ನಿಲ್ಲಿಸುವುದರಿಂದ, ಬೆಳಗಿನ ಹೊತ್ತಿನಲ್ಲಿ ಇಲ್ಲಿನ ಕಡಲು ಹಲವು ವೇಳೆ ಕೆರೆಯಂತೆ ಶಾಂತವಾಗಿರುತ್ತದೆ. ನೆಲ ಕಾದು ಕಡಲಗಾಳಿ ಏಳುವುದು ಮಧ್ಯಾಹ್ನದ ಕಡೆಗೆ. ಆದುದರಿಂದಲೇ ಸಂಚಾರಕ್ಕೆ ಬೆಳಗನ್ನು ಆರಿಸಿಕೊಳ್ಳುತ್ತಾರೆ.

ಈ ತೀರವೆಲ್ಲ ಹೆಪ್ಪುಗಟ್ಟಿದ ಲಾವಾ. ಹುವಾಲಾಲೈ ಕೊನೆಯ ಬಾರಿ ಉಕ್ಕಿದುದು 1800–1801ರಲ್ಲಿ. ಇಂದಿನ ಕೋನಾ ವಿಮಾನನಿಲ್ದಾಣವು ಆಗ ಹರಿದ ಲಾವಾದ ಮೇಲೆಯೇ ನಿಂತಿದೆ. 1950ರ ಜೂನ್ ತಿಂಗಳಲ್ಲಿ ಮೌನಾ ಲೋವದ ಪಡುವಣ ಇಳಿಜಾರಿನಿಂದ ಹೊರಟ ಲಾವಾಪ್ರವಾಹವೊಂದು ಕೆಲವೇ ಗಂಟೆಗಳಲ್ಲಿ ಕಡಲನ್ನು ಮುಟ್ಟಿತ್ತು. ನುಣುಪಾಗಿ, ಹಗ್ಗದ ಸುರುಳಿಗಳಂತೆ ಗಟ್ಟಿಯಾದ ಲಾವಾಕ್ಕೆ ಅಲ್ಲಿಯ ಜನ ‘ಪಾಹೋಯ್‌ಹೋಯ್’ ಎನ್ನುತ್ತಾರೆ. ಒರಟಾಗಿ, ಜಲ್ಲಿ ಸುರಿದಂತೆ ಕಾಣುವುದಕ್ಕೆ ‘ಆಆ’ ಎನ್ನುತ್ತಾರೆ. ಈ ಎರಡು ಮಾತುಗಳನ್ನೂ ಜಗತ್ತಿನ ಭೂವಿಜ್ಞಾನಿಗಳೆಲ್ಲ ಹಾಗೆಯೇ ಸ್ವೀಕರಿಸಿದ್ದಾರೆ.

ನುಣುಪು ಲಾವಾ ಹರಿಯುವಾಗ ಅದರ ಮೇಲ್ಭಾಗವು ಬೇಗನೆ ಆರಿ ತೊಗಟೆಗಟ್ಟುತ್ತದೆ. ಆ ತೊಗಟೆಯೇ ಕಂಬಳಿಯಂತೆ ಹೊದ್ದು ಒಳಗಿನ ಕಾವನ್ನು ಕಾಪಾಡುವುದರಿಂದ, ಸಾವಿರ ಡಿಗ್ರಿಗೂ ಮೀರಿದ ದ್ರವವು ಅಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಉಗಮದಲ್ಲಿ ಪೂರೈಕೆ ನಿಂತೊಡನೆ ದ್ರವವೆಲ್ಲ ಇಳಿದುಹೋಗಿ, ಹಿಂದೆ ಉಳಿಯುವುದು ಬರಿಯ ಸುರಂಗ. ಕಡಲು ಕೊರೆದ ಬಂಡೆಗಳಲ್ಲಿ ಇಂತಹ ಸುರಂಗಗಳ ಬಾಯಿ ತೆರೆದುಕೊಂಡಿರುವುದನ್ನು ತೆಪ್ಪದಿಂದ ನೋಡಬಹುದು. ಮರದ ದೊಡ್ಡ ದೋಣಿ ಹತ್ತಿರ ಸುಳಿಯಲಾರದ ಕಡೆಗೂ ತೆಪ್ಪ ಹೋಗುತ್ತದೆ. ಅಲೆ ತಗ್ಗಿರುವ ದಿನ ಗವಿಯ ಬಾಯೊಳಕ್ಕೂ ನುಗ್ಗುವುದುಂಟು. ಅಲೆ ಎದ್ದಿರುವ ದಿನ ಮಾತ್ರ ಅತ್ತ ಮುಖ ಮಾಡತಕ್ಕದ್ದಲ್ಲ. ಏಕೆಂದರೆ, ಅಲೆಯು ಗವಿಯ ಬಾಯನ್ನು ಮುಚ್ಚಿದಾಗ ಒಳಗಿನ ಗಾಳಿಗೆ ಹೋಗಲು ಹಾದಿಯಿಲ್ಲದೆ ಅದು ಅಮುಕಲ್ಪಡುತ್ತದೆ. ಮರುಗಳಿಗೆಯಲ್ಲಿ ಹಿಗ್ಗಿ, ನೀರನ್ನು ತುಂತುರಾಗಿಸಿ ಹೊರಕ್ಕೆ ಚಿಮ್ಮುತ್ತದೆ. ಮೇಲ್ಗಡೆ ಬಿರುಕಿದ್ದರೆ ಅದೇ ಗಾಳಿ ನೀರಿನ ಕಂಬವನ್ನು ಎಬ್ಬಿಸುತ್ತದೆ.

ಸಂಚಾರದ ಮುಖ್ಯ ನಿಲ್ದಾಣ ಕೇಅಲಕೇಕುವಾ ಕೊಲ್ಲಿ. ನಾವಿಕ ಜೇಮ್ಸ್ ಕುಕ್ಕನು 1779ರ ಫೆಬ್ರವರಿ 14ರಂದು ಇಲ್ಲಿಯ ದಡದಲ್ಲಿ ಕೊಲ್ಲಲ್ಪಟ್ಟನು. 1874ರಲ್ಲಿ ನಿಲ್ಲಿಸಿದ ಬಿಳಿಯ ಸ್ಮಾರಕಸ್ತಂಭವೊಂದು ನೀರಿನಂಚಿನಲ್ಲಿದೆ. ಕೊಲ್ಲಿಯ ಹಿಂದೆ ನೆಟ್ಟಗೆ ನಿಂತ ಬಂಡೆಗೋಡೆ ನೆಲ ಬಿರಿದು ಕುಸಿದುದರ ಗುರುತು. ಅದರಲ್ಲಿನ ಗವಿಗಳು ಆ ನಾಡಿನ ಒಡೆಯರ ಅಸ್ಥಿಗಳನ್ನು ಇರಿಸಿದ ಪವಿತ್ರ ಸ್ಥಾನಗಳು. ಅವನ್ನು ಹತ್ತಿ ನೋಡುವ ಕುತೂಹಲ ಸಲ್ಲದು. 1969ರಿಂದ ಈ ಕೊಲ್ಲಿಯು ಸಂರಕ್ಷಿತ ಜಲಪ್ರದೇಶವಾಗಿದೆ. ನೀರಿನ ತಿಳಿತನ ಆಶ್ಚರ್ಯಕರವಾದುದು. ಕಾರಣ ಸರಳ: ಎಳೆಯ ಲಾವಾದ ಮೇಲೆ ಮಣ್ಣು ಕಡಿಮೆ, ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಕೆಸರನ್ನು ಹೊತ್ತು ತರುವ ಹೊಳೆಗಳಿಲ್ಲ.

ಇಲ್ಲಿ ನೀರಿಗಿಳಿಯುವವರು ಮುಖಕ್ಕೆ ಗಾಜಿನ ಗವಸನ್ನೂ ಬಾಯಿಗೆ ‘ಸ್ನಾರ್ಕಲ್’ ಎಂಬ ಬಾಗಿದ ಕೊಳವೆಯನ್ನೂ ಧರಿಸುತ್ತಾರೆ. ಬರಿಗಣ್ಣಿಗೆ ನೀರೊಳಗೆ ಎಲ್ಲವೂ ಮಸುಕು. ನಮ್ಮ ಕಣ್ಣು ಬೆಳಕನ್ನು ಬಾಗಿಸುವ ಕೆಲಸದ ಮೂರರಲ್ಲಿ ಎರಡು ಪಾಲನ್ನು ಮಾಡುವುದು ಕಣ್ಣಿನ ಹೊರಪೊರೆ, ಅದೂ ಅದರ ಮುಂದೆ ಗಾಳಿಯಿದ್ದಾಗ ಮಾತ್ರ. ನೀರಿಗೂ ಆ ಪೊರೆಗೂ ಸಾಂದ್ರತೆಯಲ್ಲಿ ಹೆಚ್ಚು ಅಂತರವಿಲ್ಲದುದರಿಂದ ನೀರಿನಲ್ಲಿ ಬೆಳಕು ಸಾಕಷ್ಟು ಬಾಗುವುದೇ ಇಲ್ಲ. ಗವಸು ಕಣ್ಣಿನ ಮುಂದೆ ಒಂದು ಹಿಡಿ ಗಾಳಿಯನ್ನು ಮತ್ತೆ ತಂದಿರಿಸುತ್ತದೆ. ಅದರ ಕೆಲಸ ಅಷ್ಟೇ. ಆದರೆ ಬೆಳಕು ನೀರಿನಿಂದ ಗಾಳಿಗೆ ಬರುವಾಗ ವಕ್ರೀಭವನ ಹೊಂದುವುದರಿಂದ, ನಾಲ್ಕಡಿ ದೂರದ ಮೀನು ಮೂರಡಿಯಲ್ಲೇ ಇರುವಂತೆ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆಂಪು ಬಣ್ಣವನ್ನು ನೀರು ಬೇಗ ಹೀರಿಕೊಳ್ಳುವುದರಿಂದ ಆಳಕ್ಕೆ ಹೋದಂತೆಲ್ಲ ನೋಟ ನೀಲಿಗೆ ತಿರುಗುತ್ತದೆ.

ಆಳವಿಲ್ಲದೆಡೆ ಕಾಣುವುದು ಹಳದಿ ಮೀನುಗಳ ಹಿಂಡು. ಬಾಲದ ಬುಡದಲ್ಲಿ ಚೂರಿಯಂತಹ ಮುಳ್ಳುಳ್ಳ ಜಾತಿಯವು. ಗಿಳಿಮೀನುಗಳು ಕೊಕ್ಕಿನಂತಹ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಅವು ನುಂಗಿದ ಕಲ್ಲು ಮರಳಾಗಿ ಹೊರಬೀಳುತ್ತದೆ. ಗುಂಡುಗಲ್ಲಿನಂತಹ ಹವಳವು ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು. ಕಾಲೂರಿ ನಿಂತವನ ತುಳಿತಕ್ಕೆ ಹಲವು ವರ್ಷಗಳ ಬೆಳೆ ಒಂದು ಗಳಿಗೆಯಲ್ಲಿ ಹೋಗುತ್ತದೆ. 2015ರಲ್ಲಿ ಕಡಲು ಮಿತಿಮೀರಿ ಕಾದು ಈ ಪಡುವಣ ತೀರದ ಹವಳದ ಹೊದಿಕೆಯಲ್ಲಿ ಸರಾಸರಿ ಅರ್ಧದಷ್ಟು ಸತ್ತುಹೋಯಿತು. ಹಗಲಿನಲ್ಲಿ ಕೊಲ್ಲಿಗೆ ಬರುವ ಡಾಲ್ಫಿನ್ನುಗಳು ರಾತ್ರಿಯೆಲ್ಲ ಬೇಟೆಯಾಡಿ ವಿಶ್ರಾಂತಿಗೆಂದು ಬಂದವು. ಅವುಗಳ 50 ಗಜದೊಳಗೆ ಯಾರೂ ಸುಳಿಯಬಾರದೆಂದು 2021ರಲ್ಲಿ ಕಾನೂನಾಗಿದೆ.

ಈಗ ಕೊಳವೆಯ ವಿಚಾರ. ಸ್ನಾರ್ಕಲ್ ಒಂದು ಮೊಳಕ್ಕಿಂತ ಗಿಡ್ಡ. ‘ಇದನ್ನೇ ಎರಡು ಮೀಟರ್ ಉದ್ದ ಮಾಡಿದರೆ ತಳಕ್ಕೇ ಇಳಿದು ನೆಮ್ಮದಿಯಾಗಿ ಉಸಿರಾಡಬಹುದಲ್ಲ?’ ಎಂದು ಚುರುಕಾದ ಹುಡುಗರು ಕೇಳುತ್ತಾರೆ. ಕಥೆಗಳಲ್ಲಿಯೂ ಜೊಂಡಿನ ಕೊಳವೆ ಕಚ್ಚಿಕೊಂಡು ಕೊಳದ ತಳದಲ್ಲಿ ಅಡಗುವ ವೀರರಿದ್ದಾರೆ. ಎರಡು ಕಾರಣಗಳಿಂದ ಇದು ಅಸಾಧ್ಯ.

ಮೊದಲನೆಯದು ಹಳಸಿದ ಗಾಳಿ. ಸಾಧಾರಣವಾದ ಒಂದು ಉಸಿರಿನಲ್ಲಿ ನಾವು ಒಳಗೆಳೆಯುವುದು ಸುಮಾರು 500 ಮಿಲಿಲೀಟರ್ ಗಾಳಿ. ಅದರಲ್ಲಿ 150 ಮಿಲಿಲೀಟರಿನಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಶ್ವಾಸಕೋಶದ ಒಳಗೂಡುಗಳನ್ನು ತಲಪುವುದೇ ಇಲ್ಲ. ಎರಡು ಸೆಂಟಿಮೀಟರ್ ಒಳಗಲದ, 40 ಸೆಂಟಿಮೀಟರ್ ಉದ್ದದ ಕೊಳವೆ ಇದಕ್ಕೆ ಇನ್ನೂ 125 ಮಿಲಿಲೀಟರನ್ನು ಕೂಡಿಸುತ್ತದೆ. ತುಸು ಆಳವಾಗಿ ಉಸಿರೆಳೆದರೆ ಇಷ್ಟನ್ನು ಸರಿದೂಗಿಸಿಕೊಳ್ಳಬಹುದು. ಕೊಳವೆ ಎರಡು ಮೀಟರ್ ಉದ್ದವಾದರೋ ಅದರ ಒಳಗಾತ್ರವೇ 600 ಮಿಲಿಲೀಟರನ್ನು ಮೀರುತ್ತದೆ. ಬಿಟ್ಟ ಉಸಿರು ಹೊರಗೆ ಹೋಗುವ ಮೊದಲೇ ಮತ್ತೆ ಒಳಕ್ಕೆ ಬರುತ್ತದೆ. ಹೊಸ ಗಾಳಿ ದೊರೆಯುವುದೇ ಇಲ್ಲ.

ಎರಡನೆಯದು ಒತ್ತಡ, ಇದು ಇನ್ನೂ ಕಠಿಣವಾದುದು. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ನಿನ ಭಾರದಿಂದ ಅದುಮುತ್ತದೆ. ಎದೆಯ ಮುಂಭಾಗವನ್ನು ಒಂದು ಚದರ ಮೀಟರಿನ ಹತ್ತನೆಯ ಒಂದು ಪಾಲೆಂದು ಇಟ್ಟುಕೊಂಡರೂ 100 ಕಿಲೋಗ್ರಾಂ, ಅಂದರೆ ಒಂದು ತುಂಬಿದ ಅಕ್ಕಿಮೂಟೆ ಎದೆಯ ಮೇಲಿಟ್ಟಂತಾಯಿತು. ಕೊಳವೆಯೊಳಗಿನ ಗಾಳಿಯಾದರೋ ಮೇಲಿನ ವಾತಾವರಣದ ಒತ್ತಡದಲ್ಲೇ ಇರುತ್ತದೆ. ಆ ಮೂಟೆಯನ್ನು ಪ್ರತಿ ಉಸಿರಿಗೂ ಎತ್ತುವ ಶಕ್ತಿ ನಮ್ಮ ಪಕ್ಕೆಲುಬಿನ ಸ್ನಾಯುಗಳಿಗಿಲ್ಲ.

ಹಾಗಾದರೆ ಆನೆಗೆ ಇದು ಹೇಗೆ ಸಾಧ್ಯ? ಕಬಿನಿಯ ಹಿನ್ನೀರಿನಲ್ಲಿ ಆನೆಗಳು ಸೊಂಡಿಲನ್ನಷ್ಟೇ ಮೇಲೆತ್ತಿ ಈಜುವುದನ್ನು ನಮ್ಮಲ್ಲಿ ಕಂಡವರಿದ್ದಾರೆ. ಸೊಂಡಿಲನ್ನು ಮುಳುಗುಗಾರರ ಉಸಿರುಸಾಧನಕ್ಕೆ ಹೋಲಿಸಿದವನು ಅರಿಸ್ಟಾಟಲನೇ. ಇತರ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳುವಾದ ಅವಕಾಶವಿದ್ದು, ಆನೆಯಲ್ಲಿ ಮಾತ್ರ ಅದು ಅಂಗಾಂಶದಿಂದ ತುಂಬಿರುತ್ತದೆ. ಈ ವಿಚಿತ್ರಕ್ಕೆ ಕಾರಣ ಸೊಂಡಿಲುಸಿರಾಟವೇ, ಒತ್ತಡದ ವ್ಯತ್ಯಾಸಕ್ಕೆ ಅಲ್ಲಿಯ ನವಿರು ರಕ್ತನಾಳಗಳು ಒಡೆಯದಂತೆ ಈ ಏರ್ಪಾಡಾಗಿದೆ ಎಂದು ಜಾನ್ ವೆಸ್ಟ್ ಎಂಬ ಶರೀರಕ್ರಿಯಾವಿಜ್ಞಾನಿ 2002ರಲ್ಲಿ ವಾದಿಸಿದನು. ಮನುಷ್ಯನಿಗೆ ಅಂತಹ ಏರ್ಪಾಡಿಲ್ಲ.

ಗಿಡ್ಡ ಕೊಳವೆಯೂ ಪೂರ್ಣ ನಿರಪಾಯಕಾರಿಯೆಂದು ಭಾವಿಸಬಾರದು. ಹವಾಯಿಯ ಕಡಲಿನಲ್ಲಿ ಮುಳುಗಿ ಸತ್ತ ಪ್ರವಾಸಿಗಳನ್ನು ಲೆಕ್ಕ ಹಾಕಿದರೆ, ಆ ವೇಳೆಗೆ ಸ್ನಾರ್ಕಲ್ ಧರಿಸಿದ್ದವರ ಪಾಲೇ ಹಿರಿದು. ಅವರಲ್ಲಿ ಎಷ್ಟೋ ಮಂದಿ ಬಿರುಗಾಳಿಗೆ ಸಿಕ್ಕಿದವರಲ್ಲ. ಶಾಂತವಾದ ನೀರಿನಲ್ಲಿ, ಸದ್ದಿಲ್ಲದೆ ಹೋದವರು. ಇಕ್ಕಟ್ಟಾದ ಕೊಳವೆಯ ಮೂಲಕ ಬಲವಾಗಿ ಉಸಿರೆಳೆಯುವಾಗ ಎದೆಯೊಳಗೆ ಉಂಟಾಗುವ ಎಳೆತಕ್ಕೆ ಶ್ವಾಸಕೋಶಗಳಲ್ಲಿ ದ್ರವ ಜಿನುಗಿ ಆಮ್ಲಜನಕ ಕುಂದಬಹುದೆಂದು ಅಲ್ಲಿ ನಡೆದ ಅಧ್ಯಯನವೊಂದು ಸೂಚಿಸಿದೆ. ವೈದ್ಯರಲ್ಲಿ ಈ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಕಾರಣ ಏನೇ ಇರಲಿ, ನೀರು ಕುಡಿಯದೆಯೇ ಏದುಸಿರು ಬಂದರೆ, ಕೈಕಾಲು ಸೋತರೆ, ಕೂಡಲೇ ಕೊಳವೆಯನ್ನು ಬಾಯಿಂದ ತೆಗೆದು, ಅಂಗಾತವಾಗಿ ತೇಲುತ್ತ ಕೈಯೆತ್ತಿ ಕರೆಯಬೇಕು. ಹೃದಯರೋಗವುಳ್ಳವರು ನೀರಿಗಿಳಿಯುವ ಮೊದಲೇ ವೈದ್ಯರನ್ನು ಕೇಳತಕ್ಕದ್ದು.

ಉಸಿರು ಕಟ್ಟಿ ತಳಕ್ಕೆ ಮುಳುಗುವವರಿಗೆ ಬೇರೊಂದು ಅಪಾಯವಿದೆ. ಹೆಚ್ಚು ಹೊತ್ತು ತಾಳಬೇಕೆಂದು ಕೆಲವರು ಮುಳುಗುವ ಮೊದಲು ಗಬಗಬನೆ ಹತ್ತಾರು ಉಸಿರು ಎಳೆದು ಬಿಡುತ್ತಾರೆ. ಇದರಿಂದ ರಕ್ತದಲ್ಲಿ ಆಮ್ಲಜನಕ ಹೆಚ್ಚುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳವಾಗಿ ಇಳಿಯುತ್ತದೆ. ಉಸಿರೆಳೆಯಬೇಕೆಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ಈ ಡೈಆಕ್ಸೈಡೇ ಆದುದರಿಂದ, ಎಚ್ಚರಿಕೆಯ ಗಂಟೆಯನ್ನೇ ಕಟ್ಟಿಹಾಕಿದಂತಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿರುವಾಗ ಅಳಿದುಳಿದ ಆಮ್ಲಜನಕವೂ ಮಿದುಳಿಗೆ ಸಾಲುತ್ತದೆ. ಮೇಲೇರುತ್ತ ಒತ್ತಡ ಇಳಿದಂತೆ ಅದು ಸಾಲದಾಗಿ, ಇನ್ನೇನು ಮೇಲ್ಮೈ ಬಂತು ಎನ್ನುವಾಗ ಪ್ರಜ್ಞೆ ತಪ್ಪುತ್ತದೆ. ನುರಿತ ಈಜುಗಾರರೇ ಹೀಗೆ ಜೀವ ಕಳೆದುಕೊಂಡಿರುವುದುಂಟು.

ಮುಖವನ್ನು ನೀರಿಗಿಟ್ಟು ಹವಳ ನೋಡುತ್ತಿರುವವನೂ ಪ್ರಜ್ಞೆ ತಪ್ಪಿ ತೇಲುತ್ತಿರುವವನೂ ತೆಪ್ಪದಿಂದ ನೋಡುವವರಿಗೆ ಒಂದೇ ಬಗೆಯಾಗಿ ಕಾಣುತ್ತಾರೆ. ಆದುದರಿಂದ ಇಬ್ಬಿಬ್ಬರಾಗಿ ಜೊತೆಗೂಡಿಯೇ ನೀರಿಗಿಳಿಯಬೇಕು. ಒಬ್ಬನು ಮುಳುಗಿದಾಗ ಇನ್ನೊಬ್ಬನು ಮೇಲೆಯೇ ಇದ್ದು, ಅವನು ಎದ್ದು ಬಂದು ಎರಡು ಮೂರು ಉಸಿರು ತೆಗೆದುಕೊಳ್ಳುವವರೆಗೂ ಅವನ ಮೇಲಿನ ಕಣ್ಣು ತೆಗೆಯಬಾರದು.