ವಿಶೇಷ ಮಕ್ಕಳ ಶುಶ್ರೂಷೆ: ಮನೆಗೂ ಶಾಲೆಗೂ ಸೇರಿದ ಹೊಣೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಗಡಿನಾಡ ಕನ್ನಡದ ಸ್ಥಿತಿಗತಿಯನ್ನು ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹೆಸರೇ ಕಾಣದೆ ಹೋದ ಮಕ್ಕಳನ್ನೂ ಅವರ ತಾಯಂದಿರನ್ನೂ ಕುರಿತು ನಾಲ್ಕು ಮಾತು ಬರೆಯಲು ನಾನು ಅವರ ಒಪ್ಪಿಗೆ ಪಡೆದಿದ್ದೇನೆ.

1980ರ ದಶಕದ ಮಾತು. ಮಡಕಶಿರಾ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಒಂದು ಬೆಳಿಗ್ಗೆ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಎಂಟು ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಹುಡುಗನ ಕಾಲುಗಳು ಕತ್ತರಿಯಂತೆ ಬಿಗಿದುಕೊಂಡಿದ್ದವು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಣ್ಣುಗಳು ಮಾತ್ರ ಗೋಡೆಯ ಮೇಲಿನ ನಕ್ಷೆಯನ್ನೇ ನೋಡುತ್ತಿದ್ದವು. "ಇವ್ನು ಓದಿ ದೊಡ್ಡೋನಾಗ್ಲಿ ಅಂತ ಬಂದಿಲ್ಲ ಸಾಮಿ. ಮಧ್ಯಾಹ್ನದ ಗಂಟ ಇಲ್ಲಿ ಕೂರಿಸ್ಕೊಂಡ್ರೆ ಸಾಕು, ಕಳೆ ಕೀಳಾಕೆ ಹೋಗಿ ಬತ್ತೀನಿ" ಎಂದಳು. "ಇದು ಶಾಲೆಯಮ್ಮ, ಆಸ್ಪತ್ರೆಯಲ್ಲ" ಎಂದು ಹೇಳಿ ಕಳುಹಿಸಿದೆ. ಅವನನ್ನು ಶೌಚಕ್ಕೆ ಯಾರು ಕರೆದೊಯ್ಯುವರು, ಯಾರು ಉಣಿಸುವರು ಎಂಬುದೇ ನನ್ನ ಚಿಂತೆಯಾಗಿತ್ತು. ತಾಯಿ ಕೂಲಿ ಬಿಡುವಂತಿರಲಿಲ್ಲ. ಕಣ್ಣು ಕಾಣದ ಅಜ್ಜಿಯ ಪಕ್ಕದಲ್ಲಿ ಅವನು ಇಡೀ ಹಗಲು ಮಲಗಿದಲ್ಲೇ ಮಲಗಿರುತ್ತಿದ್ದ. ಬೆನ್ನಿನಲ್ಲಿ ಹುಣ್ಣಾಗಿ, ಅದು ಕೀವುಗಟ್ಟಿ, ಎರಡು ವರ್ಷಗಳಲ್ಲಿ ತೀರಿಕೊಂಡನೆಂದು ಕೇಳಿದೆ. ಆ ತಾಯಿ ಬೇಡಿದ್ದು ಅರ್ಧ ದಿನದ ಬಿಡುವನ್ನು ಮಾತ್ರ. ಅದನ್ನು ಕೊಡಲಾರದೆ ಹೋದೆನಲ್ಲಾ ಎಂಬ ನೋವು ಇಂದಿಗೂ ನನ್ನಲ್ಲಿದೆ.

ಬಿಡುವಿನ ಶುಶ್ರೂಷೆ ಎಂದರೇನು?

ಇಂಗ್ಲಿಷಿನಲ್ಲಿ ರೆಸ್ಪಿಟ್ ಕೇರ್ ಎನ್ನುವುದನ್ನು ನಾನು ಬಿಡುವಿನ ಶುಶ್ರೂಷೆ ಎಂದು ಕರೆಯುತ್ತೇನೆ. ದಿನವಿಡೀ ಆರೈಕೆ ಬೇಡುವ ಮಗುವನ್ನು ತರಬೇತಿ ಪಡೆದ ಇನ್ನೊಬ್ಬರು ಗೊತ್ತಾದ ಹೊತ್ತಿನವರೆಗೆ ಮನೆಯಲ್ಲಿ ಅಥವಾ ಶಾಲೆಯಲ್ಲಿ ನೋಡಿಕೊಳ್ಳುವುದೇ ಇದರ ಅರ್ಥ. ಆ ಹೊತ್ತಿನಲ್ಲಿ ತಾಯಿ ದುಡಿಯಬಹುದು, ಮತ್ತೊಂದು ಮಗುವನ್ನು ವಿಚಾರಿಸಬಹುದು, ತನ್ನ ಕಾಯಿಲೆಗೆ ಮದ್ದು ತರಬಹುದು, ಸುಮ್ಮನೆ ನಿದ್ರಿಸಲೂಬಹುದು. ಹಿಂದೆ ದಾರಿಬದಿಯಲ್ಲಿ ಎರಡು ಕಂಬಗಳ ಮೇಲೆ ಅಡ್ಡಗಲ್ಲು ಹಾಕಿ, ತಲೆಹೊರೆ ಹೊತ್ತವರು ಪರರ ನೆರವಿಲ್ಲದೆ ಹೊರೆ ಇಳುಹಿ ದಣಿವಾರಿಸಿಕೊಳ್ಳಲು ಅನುಕೂಲ ಮಾಡಿದ್ದುಂಟು. ಅಂಥ ಕಲ್ಲು ಈ ತಾಯಂದಿರಿಗೂ ಬೇಕು. ಆದರೆ ಮಗುವೇ ಹೊರೆಯೆಂದು ಯಾರೂ ತಿಳಿಯಬಾರದು. ಇಳುಹಬೇಕಾದುದು ಮಗುವನ್ನಲ್ಲ, ಬಿಡುವೇ ಇಲ್ಲದ ದುಡಿಮೆಯ ಭಾರವನ್ನು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ತಾಯಿಗೆ ಲೆಕ್ಕದ ಬಟ್ಟೆ ಮುಗಿಸದೆ ಕೂಲಿಯಿಲ್ಲ. ಮಡಕಶಿರಾದಲ್ಲಿ ರೇಷ್ಮೆಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು. ಎದ್ದು ಕೂರಲಾರದ ಮಗು ಇರುವ ಮನೆಯಲ್ಲಿ ಇವೆರಡೂ ನಡೆಯುವುದೆಂತು?

ಕಾನೂನು ಏನನ್ನು ಕೊಟ್ಟಿದೆ?

ನನ್ನ ಕಾಲದಲ್ಲಿ ಇಲ್ಲದ ಆಧಾರಗಳು ಈಗ ಇವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗಾಗಿ ಬಂದಿತು. ಅದರಡಿಯ ಸಮರ್ಥ್ ಯೋಜನೆಯ ಉದ್ದೇಶವೇ ಬಿಡುವಿನ ಆರೈಕೆ. ನಿರಾಮಯ ಯೋಜನೆಯು ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ನೀಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ತೀವ್ರ ಅಂಗವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕು ದೊರೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ; 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣವನ್ನು ವಿಧಿಸಿದೆ; ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡಿದೆ.

ಆಂಧ್ರಪ್ರದೇಶದಲ್ಲಿ ಮಂಡಲ ಮಟ್ಟದ ಭವಿತ ಕೇಂದ್ರಗಳಿವೆ. ಅಲ್ಲಿನ ವಿಶೇಷ ಶಿಕ್ಷಕರು ಮನೆಯಲ್ಲೇ ಇರುವ ಮಕ್ಕಳ ಬಳಿಗೂ ಹೋಗಿ ಕಲಿಸಬೇಕು. ಅಂಗವಿಕಲರ ಮಾಸಾಶನವು 2024ರ ಜುಲೈಯಲ್ಲಿ 6,000 ರೂಪಾಯಿಗೆ, ಪೂರ್ತಿ ಹಾಸಿಗೆ ಹಿಡಿದವರಿಗೆ 15,000 ರೂಪಾಯಿಗೆ ಏರಿತು. ಇದಕ್ಕೆ ಸದರಂ ಪ್ರಮಾಣಪತ್ರ ಅಗತ್ಯ. ಆದರೆ ಹಣ ಬಂದ ಮಾತ್ರಕ್ಕೆ ಮಗುವಿನ ಪಕ್ಕದಲ್ಲಿ ಕೂರುವ ಮನುಷ್ಯ ಬಂದಂತಾಗಲಿಲ್ಲ. ಅಲ್ಲಿಯೇ ಊರಿನ ಕರ್ತವ್ಯ ಆರಂಭವಾಗುತ್ತದೆ.

ಕಲಿಯಬೇಕಾದ ನಾಲ್ಕು ಕೆಲಸಗಳು

ಈ ಶುಶ್ರೂಷೆ ದೊಡ್ಡ ವಿದ್ಯೆಯೇನಲ್ಲ. ನರ್ಸ್ ಒಬ್ಬರು ಕಲಿಸಿಕೊಟ್ಟರೆ ಶಾಲೆಯ ಆಯಾ, ನೆರೆಮನೆಯಾಕೆ, ಅಂಗನವಾಡಿಯ ಸಹಾಯಕಿ ಯಾರಾದರೂ ಮಾಡಬಹುದು.

1. ಮಗ್ಗುಲು ಬದಲಿಸುವುದು. ತಾನಾಗಿ ಹೊರಳಲಾರದ ಮಗುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಒಂದೇ ಕಡೆ ಒತ್ತಿದ ಚರ್ಮಕ್ಕೆ ರಕ್ತ ಸಾಗದೆ ಹುಣ್ಣಾಗುತ್ತದೆ. ಬೆನ್ನು, ಸೊಂಟ, ಹಿಮ್ಮಡಿಗಳು ಕೆಂಪಾಗಿವೆಯೇ ಎಂದು ದಿನವೂ ನೋಡಬೇಕು.

2. ಉಣಿಸುವುದು. ಮಲಗಿಸಿ ಉಣಿಸಬಾರದು, ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರುವ ಭಯವಿದೆ. ನೆಟ್ಟಗೆ ಕೂರಿಸಿ, ಕತ್ತು ಹಿಂದಕ್ಕೆ ಬಾಗದಂತೆ ಹಿಡಿದು, ಮೆತ್ತಗೆ ಕಲಸಿದ ಸಣ್ಣ ತುತ್ತು ಕೊಡಬೇಕು. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಕೂರಿಸಿರಬೇಕು.

3. ಮೂರ್ಛೆ ಬಂದಾಗ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವು ಯಾವುವೂ ಸಲ್ಲವು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡಬೇಕು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ವೈದ್ಯರು ಬರೆದ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು.

4. ಶೌಚ ಮತ್ತು ಮಾನ. ಒದ್ದೆಯಾದ ಬಟ್ಟೆಯನ್ನು ತಡಮಾಡದೆ ಬದಲಿಸಬೇಕು, ಮರೆಯಲ್ಲಿಯೇ ಬದಲಿಸಬೇಕು. ಮಾತು ಬಾರದ ಮಗುವಿಗೂ ನಾಚಿಕೆಯುಂಟು. ಬೆಳೆದ ಹೆಣ್ಣುಮಗುವಿನ ಆರೈಕೆಗೆ ಹೆಂಗಸರೇ ಇರತಕ್ಕದ್ದು.

ಕೊಳವೆಯಿಂದ ಆಹಾರ ಕೊಡುವುದು, ಮೂತ್ರದ ನಳಿಕೆ ಹಾಕುವುದು, ಇನ್ಸುಲಿನ್ ಚುಚ್ಚುವುದು ಮುಂತಾದವನ್ನು ಮಾತ್ರ ವೈದ್ಯರ ಅಥವಾ ನರ್ಸ್‌ಗಳ ಬಳಿ ಕೈಹಿಡಿದು ಕಲಿಯದೆ ಯಾರೂ ಮಾಡಬಾರದು.

ಕನ್ನಡ ಶಾಲೆಯೇ ಏಕೆ?

1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ನಮ್ಮ ತಾಯಂದಿರ ಭಾಷೆ ಬದಲಾಗಲಿಲ್ಲ. ವ್ಯಾಯಾಮ ಚಿಕಿತ್ಸಕರು ತೆಲುಗಿನಲ್ಲಿ ಹೇಳಿದ್ದಕ್ಕೆ ಸಂತೆಯ ತೆಲುಗು ಬಲ್ಲ ತಾಯಿ ತಲೆಯಾಡಿಸಿ ಬರುತ್ತಾಳೆ. ಮೊಣಕಾಲನ್ನು ಎಷ್ಟು ಬಗ್ಗಿಸಬೇಕು, ಔಷಧವನ್ನು ಊಟಕ್ಕೆ ಮುನ್ನವೋ ನಂತರವೋ ಎಂಬುದು ಅವಳಿಗೆ ಸ್ಪಷ್ಟವಾಗಿರುವುದಿಲ್ಲ. ಮಾತೃಭಾಷೆಯಲ್ಲಿ ಕಲಿಸುವುದೇ ನಮ್ಮ ವ್ರತವಾದರೆ, ಈ ಪಾಠವೂ ನಮ್ಮದೇ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿದು. ಮಹೋತ್ಸವದ ನೆನಪಿಗಾಗಿ ಒಂದು ಕೊಠಡಿಯನ್ನು ಕಟ್ಟಿಸುವುದಾದರೆ, ಗಾಲಿಕುರ್ಚಿ ಹತ್ತುವ ಇಳಿಜಾರು, ಒಂದು ಮಂಚ, ಒಳಗೇ ಶೌಚಾಲಯ ಇರುವಂತೆ ಕಟ್ಟಿಸಿರಿ. ಊರಿನ ಇಬ್ಬರು ಹೆಂಗಸರಿಗೆ ತರಬೇತಿಯನ್ನೂ ತಿಂಗಳ ಸಂಬಳವನ್ನೂ ಕೊಡಿಸಿರಿ. ಒಬ್ಬರು ಶಾಲೆಯಲ್ಲಿರಲಿ, ಇನ್ನೊಬ್ಬರು ಸರದಿಯಂತೆ ಮನೆಗಳಿಗೆ ಹೋಗಲಿ. ನರ್ಸ್ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ಪಾಠ ಹೇಳಲಿ. ತೆಲುಗು ಬಲ್ಲ ಯುವಕರು ಸದರಂ ಶಿಬಿರಕ್ಕೆ ತಾಯಂದಿರ ಜೊತೆ ಹೋಗಿ, ವೈದ್ಯರ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಲಿ. ಮೊದಲಿಗೆ ವಾರಕ್ಕೆ ಎರಡು ಅರ್ಧ ದಿನ ಸಾಕು. ಆದರೆ ಹೇಳಿದ ದಿನ ತಪ್ಪಬಾರದು. ನಂಬಲಾಗದ ಬಿಡುವು ಬಿಡುವಲ್ಲ.

ಶಾಲೆ ಆಸ್ಪತ್ರೆಯಲ್ಲ ಎಂದು ಅಂದು ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆಕೆ ಆಸ್ಪತ್ರೆಯನ್ನು ಕೇಳಿರಲಿಲ್ಲ. ಮುಂದೆ ಅಂಥ ತಾಯಿ ಬಾಗಿಲಿಗೆ ಬಂದಾಗ, ಅಲ್ಲಿರುವ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕವನ್ನು ತೆರೆದು ಮಗುವಿನ ಹೆಸರೇನೆಂದು ಕೇಳಲಿ. ಇದಿಷ್ಟೇ ಈ ಮುದಿ ಉಪಾಧ್ಯಾಯನ ಹಾರೈಕೆ.