ಅಜ್ಜನ ಊರಿನ ಜಾಡು
ಭಟ್ಕಳ, ಹೊನ್ನಾವರ, ಕುಮಟಾ ಕಡೆ ಅಜ್ಜನ ಜಾಡು ಹುಡುಕಿ ಹೊರಡುವ ದಂಪತಿಗೆ ಮೊದಲು ಇಸವಿ ಗೊತ್ತಿರಬೇಕು. ಈ ಸೀಮೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ ಮುಂಬಯಿಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಹಳೆಯ ಸರಕಾರಿ ಕಡತಗಳು ಚೆನ್ನೈ, ಮುಂಬಯಿಗಳ ಪತ್ರಾಗಾರಗಳಲ್ಲೂ ಹಂಚಿಹೋಗಿವೆ. ಜಮೀನಿನ ಪಹಣಿಯನ್ನು ತಾಲ್ಲೂಕು ಕಚೇರಿಯಲ್ಲಿ, ಕ್ರಯಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಬೇಕು. ಅಲ್ಲಿ ಅಜ್ಜನ ಹೆಸರಿಗಿಂತ ಸರ್ವೆ ನಂಬರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಬಹುದು. ಜನ್ಮದಿನಾಂಕವನ್ನು ಮಾತ್ರ ಪೂರ್ತಿ ನಂಬುವಂತಿಲ್ಲ, ಮಾಸ್ತರರು ಅಂದಾಜಿನ ಮೇಲೆ ಬರೆದದ್ದೂ ಉಂಟು. ಸಾರಸ್ವತರಿಗೆ ಕುಲದೇವರ ದೇವಸ್ಥಾನ, ಭಟ್ಕಳದ ನವಾಯತರಿಗೆ ಜಮಾತು, ಕ್ರೈಸ್ತರಿಗೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ದಾರಿ ತೋರಿಸಬಲ್ಲವು. ಮೂರೂ ಊರುಗಳಿಗೆ ಕೊಂಕಣ ರೈಲು ಇದೆ. ಎರಡನೇ, ನಾಲ್ಕನೇ ಶನಿವಾರ ಸರಕಾರಿ ಕಚೇರಿಗಳಿಗೆ ರಜೆ.